ಲೆಗಿನಾ ತನ್ನ ಬ್ಲಾಗಿಗೆ ಕದ ಹಾಕಿದ್ದು

ಸೋಲೊ ಪಟ್ಟಣಕ್ಕೆ ಹತ್ತಿರದ ದೆಲಂಗು ಎಂಬ ಊರಿನ ಅಕ್ಕಿ ಗಿರಣಿಯ ಹಿಂದಿನ ಓಣಿಯಲ್ಲಿ ಲೆಗಿನಾಳ ಮನೆ. ಒಂಟಿ ಹೆಂಗಸಿನ ಮನೆ ಅಂತ ಹೆಸರಿಗೆ ಮಾತ್ರ. ಒಳಗೆ ನಾಲ್ಕು ಜನ ರಾಜರು, ಇಬ್ಬರು ಮಂತ್ರಿಗಳು, ಆರು ಜನ ರಾಕ್ಷಸರು ಮೂರು ಟ್ರಂಕುಗಳಲ್ಲಿ ಮಡಿಸಿಕೊಂಡು ಮಲಗಿದ್ದರು. ಅವಳ ಗಂಡ ಮಾರ್ತೊಯೊ ಸಿದೊ ರುಕುನ್ ನಾಟಕ ಕಂಪನಿಯ ಯಜಮಾನ. ಇಪ್ಪತ್ತೇಳು ವರ್ಷ ಕಂಪನಿಯ ಬಟ್ಟೆಬರೆಯೆಲ್ಲ ಲೆಗಿನಾಳ ಕೈಯಲ್ಲಿತ್ತು: ಒಗೆಯುವುದು, ಇಸ್ತ್ರಿ ಹಾಕುವುದು, ಹರಿದದ್ದನ್ನು ಹೊಲಿಯುವುದು, ಹರಿದವರನ್ನು ಬೈಯುವುದು. ಕಂಪನಿಯವರಿಗೆಲ್ಲ ಅವಳು ಬುದೆ, ಅಂದರೆ ದೊಡ್ಡಮ್ಮ. ಮಾರ್ತೊಯೊ ಪಾಕ್ದೆ, ದೊಡ್ಡಪ್ಪ. ಸಿದೊ ರುಕುನ್ ಎಂದರೆ ಒಗ್ಗಟ್ಟು ಕೂಡಿಬಂತು ಎಂದರ್ಥ. ಬಣ್ಣದ ಮನೆಯಲ್ಲಿ ಜಗಳವಾಗದೆ ಪರದೆ ಎದ್ದ ದಿನವೇ ಇರಲಿಲ್ಲ, ಆ ಮಾತು ಬೇರೆ.

ತೊಂಬತ್ತೆಂಟರ ಮೇ ತಿಂಗಳಲ್ಲಿ ದಂಗೆಯೆದ್ದು ಸೋಲೊ ಪಟ್ಟಣ ಹೊತ್ತಿ ಉರಿದಾಗ ಕಂಪನಿ ಅದರ ಅಂಚಿನಲ್ಲೇ ಟೆಂಟು ಹಾಕಿತ್ತು. ಮೂರನೆಯ ದಿನ ಬೆಳಗಾಗುವಷ್ಟರಲ್ಲಿ ಮೂವತ್ತೆರಡು ಜನರಲ್ಲಿ ಒಬ್ಬರೂ ಇಲ್ಲ. ಹೆದರಿ ಓಡಿದ್ದರು, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಯಾರೂ ಹೇಳಿ ಹೋಗಲಿಲ್ಲ. ನಮ್ಮಲ್ಲಿ ಐದು ನಿಮಿಷಕ್ಕೆ ಉಪ್ಪು ಕೇಳಲು ಬಂದವರೂ ಬಾಗಿಲಲ್ಲಿ ನಿಂತು ಅಪ್ಪಣೆ ಕೇಳದೆ ಹೊರಡುವುದಿಲ್ಲ. ಇವರು ಇಪ್ಪತ್ತು ವರ್ಷ ಒಂದೇ ಪಾತ್ರೆಯ ಅನ್ನ ಉಂಡವರು. ಕಂಪನಿ ಮುಚ್ಚಿದ್ದಕ್ಕೆ ಮಾರ್ತೊಯೊ ಅಷ್ಟು ನೊಂದುಕೊಳ್ಳಲಿಲ್ಲ. ಟೆಂಟಿನ ತಗಡನ್ನು ಗುಜರಿಯವನಿಗೆ ಕೊಟ್ಟಾಗಲೂ ಸುಮ್ಮನಿದ್ದ. "ಒಬ್ರೂ ಹೇಳಿ ಹೋಗ್ಲಿಲ್ಲ ಕಣೇ" ಎಂದು ಮಾತ್ರ ಎಂಟು ವರ್ಷ, ಬೆಳಗಿನ ಚಹಾದ ಜೊತೆ ದಿನಕ್ಕೊಂದು ಸಲ ಗೊಣಗಿದ.

ನಮ್ಮ ಸೀಮೆಯ ಮನೆಗಳನ್ನು ಕೆಡವಿದ ದೊಡ್ಡ ಭೂಕಂಪಕ್ಕೆ ಮೂರು ತಿಂಗಳು ಮೊದಲು, ಎರಡು ಸಾವಿರದ ಆರರ ಫೆಬ್ರವರಿಯಲ್ಲಿ, ಲೆಗಿನಾ ಸೋಯಾ ಕಾಳಿನ ತೆಂಪೆ ತರಲು ಸಂತೆಗೆ ಹೋಗಿ ಕಾಲು ಗಂಟೆಯಲ್ಲಿ ಮರಳಿದಾಗ ಅವನು ಕುರ್ಚಿಯಲ್ಲೇ ತೀರಿಕೊಂಡಿದ್ದ. ಮಣ್ಣಿಗೆ ಬಂದ ನೆರೆಹೊರೆಯವರ ಮುಂದೆ ಅವಳು ಅಳುತ್ತಲೇ ನಕ್ಕಳು. ಹೇಳದೆ ಹೋದರು ಹೇಳದೆ ಹೋದರು ಅಂತ ಎಂಟು ವರ್ಷ ಗೊಣಗಿದ ಮಹಾರಾಯ ತಾನು ಹೇಳಿ ಹೋದನೇ ಎಂದಳು. ನಗುವಿನ ಅಡಿಯಲ್ಲಿ ಒಂದು ಸಿಟ್ಟು ಕೂತಿತು. ಅದನ್ನು ಯಾರಿಗೂ ತೋರಿಸಲಿಲ್ಲ.

ಸತ್ತವರಿಗೆ ಮೂರನೆಯ ದಿನ, ಏಳನೆಯ ದಿನ, ನಲವತ್ತು, ನೂರು, ವರ್ಷ, ಎರಡನೆಯ ವರ್ಷ ಎಂದು ಊಟ ಹಾಕಿಸುತ್ತ ಬಂದರೆ ಕೊನೆಗೆ ಬರುವುದು ಸಾವಿರದ ದಿನ. ಅದಾದ ಮೇಲೆ ಅವರಿಗೆ ಈ ಮನೆಯ ಹಂಗಿಲ್ಲ. ಮಾರ್ತೊಯೊನ ಸಾವಿರದ ದಿನ ಎರಡು ಸಾವಿರದ ಎಂಟರ ನವೆಂಬರಿಗೆ ಬೀಳುತ್ತಿತ್ತು. ಅಂದು ಆ ಮೂವತ್ತೆರಡು ಜನ ತನ್ನ ಚಾಪೆಯ ಮೇಲೆ ಕೂತು, ಅಕ್ಕಿಹಿಟ್ಟಿನ ಅಪೆಮ್ ತಿಂದು, ಅವನ ಪಟದ ಮುಂದೆ ನಿಂತು, ಅವತ್ತು ಹೇಳದೇ ಹೋದದ್ದನ್ನು ಹೇಳಿ ಹೋಗಬೇಕು ಎಂಬುದು ಲೆಗಿನಾಳ ಆಸೆ. ಆಸೆಯೇನೋ ಸರಿ, ಅವರೆಲ್ಲಿದ್ದಾರೆ? ಹಳೆಯ ವಿಳಾಸಗಳಿಗೆ ಬರೆದ ಕಾಗದಗಳು ಒಂದೊಂದಾಗಿ ವಾಪಸು ಬಂದವು.

ಆ ವರ್ಷದ ಮಾರ್ಚಿನಲ್ಲಿ ಅವಳು ಚದುರಿಹೋದ ಕಂಪನಿಯವರನ್ನು ಕರೆಯುವ ಒಂದು ಚೀಟಿ ಅಚ್ಚು ಹಾಕಿಸಲು ಬು ಸುಪ್ರಾಪ್ತಿಯ ಬಳಿಗೆ ಹೋದಳು. ಸುಪ್ರಾಪ್ತಿ ಒಂದು ಕಾಲದಲ್ಲಿ ಟೈಪಿಂಗ್ ಶಾಲೆ ನಡೆಸಿದವಳು. ದೆಲಂಗುವಿನ ಅರ್ಧ ಗುಮಾಸ್ತರ ಬೆರಳಿಗೆ ಅಡಿಪಟ್ಟಿಯಿಂದ ಬಾರಿಸಿದವಳು. ಟೈಪಿಂಗ್ ಕಲಿಯುವವರು ನಿಂತುಹೋದ ಮೇಲೆ ಯಂತ್ರಗಳಿಗೆ ಮುಸುಕು ಹಾಕಿ ಅಟ್ಟಕ್ಕೇರಿಸಿ, ಅದೇ ಕೋಣೆಯಲ್ಲಿ ಆರು ಕಂಪ್ಯೂಟರ್ ಇಟ್ಟು ಸೈಬರ್ ಸೆಂಟರ್ ತೆರೆದಿದ್ದಳು. ಚಪ್ಪಲಿ ಹೊರಗೆ, ಬೆನ್ನು ನೆಟ್ಟಗೆ, ಹತ್ತೂ ಬೆರಳು ಕೀಲಿಯ ಮೇಲೆ ಎಂಬ ಹಳೆಯ ಫಲಕ ಇನ್ನೂ ಗೋಡೆಯಲ್ಲಿತ್ತು. ಬು ಎಂದರೆ ಅಮ್ಮ; ಊರಿಗೆಲ್ಲ ಅವಳು ಬು ಗುರು, ಅಂದರೆ ಟೀಚರಮ್ಮ.

ಬು ಗುರು ಚೀಟಿ ಓದಿ, ಇದನ್ನು ಎಲ್ಲಿ ಅಂಟಿಸುತ್ತೀರಿ, ದೆಲಂಗುವಿನ ಕರೆಂಟು ಕಂಬಕ್ಕೋ ಎಂದು ಕೇಳಿದಳು. ಸಮುದ್ರ ದಾಟಿ ಸುಮಾತ್ರಾಕ್ಕೆ ಹೋದವರು ಈ ಕಂಬ ನೋಡಲು ಬರುತ್ತಾರೆಯೇ? ಬ್ಲಾಗು ಮಾಡಿ ಎಂದಳು. ಬ್ಲಾಗು ಎಂದರೇನೆಂದು ಲೆಗಿನಾ ಕೇಳಿದಳು.

"ಮನೆ ಅಂದ್ಕೊಳ್ಳಿ. ನಿಮ್ದೇ ಮನೆ, ನಿಮ್ದೇ ಗೋಡೆ, ಏನ್ ಬೇಕಾದ್ರೂ ಬರೀಬಹುದು. ಸುಮಾತ್ರಾದ ಲಾಂಪುಂಗ್‌ನಲ್ಲಿ ಕೂತೋರೂ ಬಂದು ಓದಬಹುದು."

ನಿಜ ಹೇಳಬೇಕೆಂದರೆ ಬು ಗುರು ತಾನೂ ಅದುವರೆಗೆ ಬ್ಲಾಗು ಮಾಡಿರಲಿಲ್ಲ. ಒಂದು ಮಾಸಪತ್ರಿಕೆಯ ಲೇಖನ ಓದಿ ಜೆರಾಕ್ಸ್ ಮಾಡಿಸಿಟ್ಟುಕೊಂಡಿದ್ದಳು. ಆದರೆ ಮೂವತ್ತು ವರ್ಷ ಪಾಠ ಹೇಳಿದವರ ಬಾಯಿಂದ ಗೊತ್ತಿಲ್ಲ ಎಂಬ ಮಾತು ಬರುವುದು ಕಷ್ಟ. ಹೀಗೆ ಕುರುಡರ ಕೈಯನ್ನು ಕುರುಡರು ಹಿಡಿದುಕೊಂಡು ಹೊರಟರು.

ಮೊದಲ ವಾರವೆಲ್ಲ ಮೌಸ್ ಜೊತೆ ಗುದ್ದಾಟ. ಲೆಗಿನಾ ಅದನ್ನು ಇಸ್ತ್ರಿಪೆಟ್ಟಿಗೆಯ ಹಾಗೆ ಒತ್ತಿ ಹಿಡಿದು ಮೇಜಿನ ಅಂಚಿನವರೆಗೂ ತಳ್ಳುತ್ತಿದ್ದಳು. ಬಾಣದ ಗುರುತು ಪರದೆಯ ಮೂಲೆಗೆ ಓಡಿ ಅಡಗಿಕೊಳ್ಳುತ್ತಿತ್ತು. ಎರಡನೆಯ ವಾರ ಇಮೇಲ್. ಅದಕ್ಕೆ ಹುಟ್ಟಿದ ದಿನ ಬೇಕಂತೆ. ಲೆಗಿನಾಗೆ ಗೊತ್ತಿದ್ದದ್ದು ತಾನು ಲೆಗಿ ಸಂತೆಯ ದಿನ ಹುಟ್ಟಿದವಳು, ಅದಕ್ಕೇ ಈ ಹೆಸರು ಎಂಬುದಷ್ಟೇ. ಕಂಪ್ಯೂಟರಿಗೆ ನಮ್ಮ ಐದು ದಿನಗಳ ಸಂತೆಯ ವಾರ ಗೊತ್ತಿರಲಿಲ್ಲವಾದ್ದರಿಂದ ಗುರುತಿನ ಚೀಟಿಯಲ್ಲಿ ಯಾವನೋ ಗುಮಾಸ್ತ ಬರೆದಿದ್ದ ಸುಳ್ಳು ತಾರೀಖನ್ನೇ ಕೊಟ್ಟರು. ಪಾಸ್‌ವರ್ಡನ್ನು ಯಾರಿಗೂ ಹೇಳಬಾರದು ಎಂದದ್ದಕ್ಕೆ ಲೆಗಿನಾ ಮನೆಗೆ ಹೋಗಿ ಟ್ರಂಕಿನ ಮುಚ್ಚಳದ ಒಳಗೆ ಸೀಮೆಸುಣ್ಣದಲ್ಲಿ ದಪ್ಪಗೆ ಬರೆದಿಟ್ಟಳು. ಕೊನೆಗೆ ಸೊಟ್ಟ ಅಕ್ಷರಗಳ ಒಂದು ಚಿತ್ರ ಬಂತು. ಇದನ್ನು ಓದಿ, ನೀವು ಮನುಷ್ಯರೇ ಎಂಬುದನ್ನು ತೋರಿಸಿ ಎಂದಿತು. ನಾಲ್ಕು ಸಲ ಬರೆದಳು, ನಾಲ್ಕು ಸಲವೂ ತಪ್ಪಾಯಿತು.

"ಬಿಡಿ ಬು ಗುರು, ಅದಕ್ಕೆ ನನ್ ಹಳೇ ಕೆಲಸ ಗೊತ್ತಾಗಿದೆ" ಎಂದಳು ಲೆಗಿನಾ. "ಇಪ್ಪತ್ತೇಳು ವರ್ಷ ರಾಕ್ಷಸರ ಚಡ್ಡಿ ಒಗೆದವಳು ನಾನು."

ಐದನೆಯ ಸಲ ಮನುಷ್ಯಳೆಂದು ಒಪ್ಪಿಕೊಂಡಿತು. ಬ್ಲಾಗಿಗೆ ಸಿದೊ ರುಕುನ್ ಪೆಟ್ಟಿಗೆ ಎಂದು ಹೆಸರಿಟ್ಟರು. ಬಾಟಿಕ್ ಬಟ್ಟೆಯ ಕಂದು ಬಣ್ಣದ ಹಿನ್ನೆಲೆ ಆರಿಸಿದರು. ಆಮೇಲೆ ಒಂದು ಪ್ರಶ್ನೆ ಬಂತು: ಇದನ್ನು ಯಾರು ನೋಡಬಹುದು? ಯಾರು ಬೇಕಾದರೂ, ಇಲ್ಲವೇ ನೀವು ಒಪ್ಪಿದವರು ಮಾತ್ರ.

ಇಬ್ಬರೂ ಮುಖ ಮುಖ ನೋಡಿಕೊಂಡರು. ಯಾರು ಬೇಕಾದರೂ ಎಂದರೆ ಏನು ಮಾತು? ನಮ್ಮ ಕಡೆ ಬಂದವರು ಬಾಗಿಲಾಚೆ ನಿಂತು ಕುಲೊನುವುನ್ ಎಂದು ಕೂಗಬೇಕು. ಒಳಗಿನವರು ಮೊಂಗ್ಗೊ, ಬನ್ನಿ ಎನ್ನಬೇಕು. ಮೂರು ಸಲ ಕೂಗಿಯೂ ಉತ್ತರ ಬರದಿದ್ದರೆ ಬಂದ ದಾರಿಗೆ ಸುಂಕವಿಲ್ಲವೆಂದು ತಿರುಗಿ ಹೋಗಬೇಕು. ಕೂಗದೆ ಒಳಗೆ ಬರುವುದು ಕಳ್ಳ, ಇಲ್ಲವೇ ಕೋಳಿ. ಲೆಗಿನಾ ಒಂದು ಗಳಿಗೆಯೂ ಯೋಚಿಸದೆ ಒಪ್ಪಿದವರು ಮಾತ್ರ ಎಂಬುದನ್ನು ಒತ್ತಿದಳು. ಬಂದವರು ಕೂಗುತ್ತಾರೆ, ನಾನು ಮೊಂಗ್ಗೊ ಅನ್ನುತ್ತೇನೆ ಎಂಬುದು ಅವಳ ಲೆಕ್ಕ. ಬು ಗುರುವೂ ತಲೆದೂಗಿ, ಮನೆ ಅಂದ ಮೇಲೆ ಕದ ಇರಬೇಕು ಎಂದಳು.

ಬರೆಯುವುದು ಶುರುವಾಯಿತು. ಏನು ಬರೆಯಬೇಕೆಂಬ ತಕರಾರೇ ಲೆಗಿನಾಗೆ ಇರಲಿಲ್ಲ. ವಾರಕ್ಕೆರಡು ದಿನ ಟ್ರಂಕಿನಿಂದ ಒಂದು ಬಟ್ಟೆ ತೆಗೆದು ಚೀಲದಲ್ಲಿ ಹಾಕಿಕೊಂಡು ಬರುವಳು. ಬು ಗುರು ಅದರ ಫೋಟೊ ತೆಗೆಯುವಳು. ಲೆಗಿನಾ ಬೆನ್ನು ನೆಟ್ಟಗೆ ಮಾಡಿ ಕೂತು, ಮೊದಮೊದಲು ಎರಡು ಬೆರಳಿನಲ್ಲಿ, ಬರಬರುತ್ತ ಆರು ಬೆರಳಿನಲ್ಲಿ, ಆ ಬಟ್ಟೆಯ ಚರಿತ್ರೆ ಬರೆಯುವಳು. ಒಂದು ಹೀಗಿತ್ತು:

"ಇದು ನೀಲಿ ಮಖಮಲ್ಲಿನ ಅಂಗಿ. ಹಾಕುತ್ತಿದ್ದವನು ಸುಕಿರ್ಡಿ. ವಿದೂಷಕನಿಗೆ ಮಖಮಲ್ಲು ಯಾಕೆ ಎಂದು ನೀವು ಕೇಳಬಹುದು. ರಾಜನ ಪಾತ್ರದವನಿಗೆ ಹೊಟ್ಟೆ ಬಂದದ್ದರಿಂದ ಅಂಗಿ ಸುಕಿರ್ಡಿಯ ಪಾಲಾಯಿತು. ಎಡಗಂಕುಳಲ್ಲಿ ಹರಿದಿದೆ. ಹರಿದವನು ಸುಕಿರ್ಡಿ, ಹೊಲಿದವಳು ನಾನು. ಸುಕಿರ್ಡಿ, ನೀನು ಇದನ್ನು ಓದುತ್ತಿದ್ದರೆ ನವೆಂಬರಿನಲ್ಲಿ ಪಾಕ್ದೆಯ ಸಾವಿರದ ದಿನಕ್ಕೆ ಬಾ."

ಪ್ರತಿಯೊಂದೂ ಹೀಗೇ, ಬಾ ಎಂಬ ಮಾತಿನಲ್ಲಿ ಮುಗಿಯುತ್ತಿತ್ತು. ಏಪ್ರಿಲ್ ಹೋಯಿತು, ಜೂನ್ ಹೋಯಿತು. ಸೆಪ್ಟೆಂಬರಿನ ಉಪವಾಸದ ತಿಂಗಳು ಬಂದಾಗ ಪೆಟ್ಟಿಗೆಯಲ್ಲಿ ನಲವತ್ತೊಂದು ಬಟ್ಟೆಗಳಿದ್ದವು. ಬಂದವರು ಮಾತ್ರ ಯಾರೂ ಇಲ್ಲ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರೂ ಒಂದು ಕುಲೊನುವುನ್ ಕೇಳಿಸಲಿಲ್ಲ. ಲೆಗಿನಾ ಒಳಗೊಳಗೇ ಕುಗ್ಗಿದಳು. ಕೋಪವಿರಬೇಕು, ಇಲ್ಲದಿದ್ದರೆ ಒಬ್ಬರಾದರೂ ಬಾಗಿಲಿಗೆ ಬರುತ್ತಿರಲಿಲ್ಲವೇ? ತಾನು ಬೈದದ್ದು ಹೆಚ್ಚಾಯಿತೋ, ಯಜಮಾನ ಸಂಬಳ ಕೊಟ್ಟದ್ದು ಕಡಿಮೆಯಾಯಿತೋ ಎಂದು ಒಗ್ಗರಣೆ ಸೀಯುವವರೆಗೂ ಯೋಚಿಸುತ್ತ ನಿಲ್ಲುತ್ತಿದ್ದಳು.

ಉಪವಾಸ ಮುಗಿಯುವ ಲೆಬಾರಾನ್ ಹಬ್ಬಕ್ಕೆ ಬು ಗುರು ಸೆಮಾರಾಂಗಿನ ತಂಗಿಯ ಮನೆಗೆ ಹೋಗಿ ಬಂದಳು. ಹಬ್ಬದಲ್ಲಿ ಊರೆಲ್ಲ ಒಬ್ಬರಿಗೊಬ್ಬರು ತಪ್ಪು ಕ್ಷಮಿಸಿ ಎಂದು ಕೈಹಿಡಿದು ಇನ್ನೂ ವಾರವಾಗಿಲ್ಲ, ಆಗಲೇ ಮುಖ ಊದಿಸಿಕೊಂಡಿದ್ದಳು. ನಮ್ಮವರ ಕೋಪ ಬಾಯಿಗೆ ಬರುವುದಿಲ್ಲ, ಚಹಾಕ್ಕೆ ಬರುತ್ತದೆ. ಲೆಗಿನಾಗೆ ಕೊಟ್ಟ ಚಹಾ ಆರಿತ್ತು, ಸಕ್ಕರೆ ಇರಲಿಲ್ಲ. ಎರಡನೆಯ ದಿನವೂ ಹಾಗೇ. ಮೂರನೆಯ ದಿನ ಲೋಟ ಇಟ್ಟುಬಿಟ್ಟು ಲೆಗಿನಾ, ನನ್ನಿಂದ ಏನಾದರೂ ತಪ್ಪಾಯಿತೇ ಎಂದು ಕೇಳಿದಳು.

ಬು ಗುರು ಗೋಡೆಯ ಫಲಕ ನೋಡುತ್ತ ಹೇಳಿದಳು: "ತಂಗಿ ಮುಂದೆ ಜಂಬ ಕೊಚ್ಕೊಂಡೆ, ನನ್ ಶಿಷ್ಯೆ ಬ್ಲಾಗು ನೋಡು ಅಂತ. ಅವಳ ಗಂಡನ ಕಂಪ್ಯೂಟರಲ್ಲಿ ತೆಗೆದ್ರೆ, ಇದು ಕರೆದೋರಿಗೆ ಮಾತ್ರ, ನಿಮ್ಮನ್ನ ಕರೆದಿಲ್ಲ ಅಂತ ಬಂತು. ಕಟ್ಟಿಸಿದೋಳನ್ನೇ ಹೊರಗೆ ನಿಲ್ಲಿಸ್ತಲ್ಲ ನಿಮ್ಮನೆ, ಬು ಲೆಗಿನಾ."

"ಅಯ್ಯೋ, ನೀವು ಕುಲೊನುವುನ್ ಅಂದ್ರಾ?"

"ಅನ್ನೋಕೆ ಜಾಗ ಎಲ್ಲಿದೆ? ಬರೀ ಗೋಡೆ."

ಇಲ್ಲಿ ಇಷ್ಟು ದಿನವೂ ಲೆಗಿನಾ ತನ್ನ ಪಾಸ್‌ವರ್ಡಿನಿಂದಲೇ ಒಳಗೆ ಹೋಗುತ್ತಿದ್ದಳು; ಮನೆಯೊಡತಿಗೆ ಕದ ಕಾಣುವುದೆಂತು? ಹೊರಗಿನಿಂದ ನೋಡಿದವರಿಗೆ ಅಲ್ಲಿ ಕೂಗಲು ಕಿಂಡಿಯಿಲ್ಲ, ಕೂಗಿದರೆ ಕೇಳುವವರಿಲ್ಲ. ಆರು ತಿಂಗಳು ಬಾ ಬಾ ಎಂದು ಕರೆದದ್ದೆಲ್ಲ ಮುಚ್ಚಿದ ಬಾಗಿಲ ಹಿಂದೆ ಕರೆದದ್ದು. ಬಂದವರು ಎಷ್ಟು ಜನ ತಿರುಗಿ ಹೋದರೋ! ಲೆಗಿನಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಬು ಗುರು ಎದ್ದು ಹೋಗಿ ಬಿಸಿ ಚಹಾ ತಂದಳು, ಸಕ್ಕರೆ ಹೆಚ್ಚೇ ಹಾಕಿದ್ದಳು. ಕದ ಇರಬೇಕು ಎಂದು ತಲೆದೂಗಿದವಳು ತಾನೇ ಎಂಬುದು ಅವಳಿಗೆ ಚೆನ್ನಾಗಿ ನೆನಪಿತ್ತು.

ಸಾವಿರದ ದಿನಕ್ಕೆ ಉಳಿದಿದ್ದದ್ದು ಐದು ವಾರ. ಆ ಮಧ್ಯಾಹ್ನವೇ ಯಾರು ಬೇಕಾದರೂ ಎಂಬುದನ್ನು ಒತ್ತಿದರು. ಆದರೂ ಲೆಗಿನಾಗೆ ಮನಸ್ಸು ತಡೆಯಲಿಲ್ಲ. ಎಲ್ಲಕ್ಕಿಂತ ಮೇಲೆ ದಪ್ಪ ಅಕ್ಷರದಲ್ಲಿ ಬರೆದಳು: "ಬಾಗಿಲು ತೆರೆದಿದೆ. ಇಷ್ಟು ದಿನ ಮುಚ್ಚಿದ್ದು ನನ್ನ ತಪ್ಪು, ಕ್ಷಮಿಸಿ. ಒಳಗೆ ಬಂದವರು ಕೆಳಗಿನ ಜಾಗದಲ್ಲಿ ಕುಲೊನುವುನ್ ಎಂದು ಒಂದು ಮಾತು ಹಾಕಿ."

ಹನ್ನೊಂದು ದಿನ ಏನೂ ಇಲ್ಲ. ಹನ್ನೆರಡನೆಯ ದಿನ ಲೆಗಿನಾ ಚಪ್ಪಲಿ ಬಿಡುತ್ತಿರುವಾಗಲೇ ಬು ಗುರು ಒಳಗಿನಿಂದ, ಬೇಗ ಬನ್ನಿ, ಬಾಗಿಲಲ್ಲಿ ಯಾರೋ ನಿಂತಿದ್ದಾರೆ ಎಂದಳು. ನೀಲಿ ಮಖಮಲ್ಲಿನ ಅಂಗಿಯ ಕೆಳಗೆ ನಾಲ್ಕು ಸಾಲು ಇತ್ತು.

"ಕುಲೊನುವುನ್, ಬುದೆ. ನಾನು ಸುಕಿರ್ಡಿ, ಲಾಂಪುಂಗ್‌ನಲ್ಲಿದೀನಿ. ಬೆರಳು ಒತ್ತುತ್ತಿರೋದು ನನ್ ಸೊಸೆ. ನಾಟಕದೋನು ಅಂದ್ರೆ ಮನೇಲಿ ಯಾರೂ ನಂಬ್ತಿರ್ಲಿಲ್ಲ, ಕಂಪನಿ ಹೆಸರು ಹುಡುಕಿ ನೋಡು ಅಂದೆ, ನೀವು ಸಿಕ್ಕಿದ್ರಿ. ಕಂಕುಳು ಹರಿದಿದ್ದು ನಾನಲ್ಲ, ರಾಜನ ಹೊಟ್ಟೆ."

ಲೆಗಿನಾ ಪರದೆಯ ಕಡೆ ತಿರುಗಿ, ಬಾಯಿಬಿಟ್ಟು, ಓಣಿಗೆ ಕೇಳುವಷ್ಟು ಜೋರಾಗಿ "ಮೊಂಗ್ಗೊ" ಎಂದಳು. ಬರೆದು ಹೇಳಬೇಕು ಎಂಬುದು ಆಮೇಲೆ ನೆನಪಾಯಿತು.

ಸುಕಿರ್ಡಿ ಡಂಗುರ ಹೊಡೆಯುವುದರಲ್ಲಿ ಎತ್ತಿದ ಕೈ. ಅವನಿಗೆ ಇಬ್ಬರ ಮೊಬೈಲ್ ನಂಬರ್ ಗೊತ್ತಿತ್ತು, ಆ ಇಬ್ಬರಿಗೆ ಇನ್ನು ಐವರದ್ದು. ವಾರ ಕಳೆಯುವಷ್ಟರಲ್ಲಿ ಸುರಬಾಯಾದಿಂದ ಒಂದು ಕುಲೊನುವುನ್, ಬೆಕಾಸಿಯಿಂದ ಮೂರು. ಹೊಟ್ಟೆಯ ರಾಜನೂ ಬಂದ; ಬಂದವನು ಅಂಗಿ ಮೊದಲೇ ಹರಿದಿತ್ತು ಎಂದು ವಾದಿಸಿದ. ರಾಣಿ ಪಾತ್ರದವಳು ರಾಜನ ಪಕ್ಷ ವಹಿಸಿದಳು. ಹತ್ತು ವರ್ಷದ ಹಿಂದಿನ ಹಸಿರು ಸೆರಗಿನ ವ್ಯಾಜ್ಯವನ್ನೂ ಯಾರೋ ಎತ್ತಿದರು. ಬು ಗುರು ಗಾಬರಿಯಾಗಿ ಇವನ್ನೆಲ್ಲ ಅಳಿಸಿಬಿಡೋಣವೇ ಎಂದಳು. ಲೆಗಿನಾ ಬೇಡವೇ ಬೇಡ ಎಂದು ಅವಳ ಕೈ ಹಿಡಿದಳು. ಬಣ್ಣದ ಮನೆ ಮತ್ತೆ ಶುರುವಾಗಿತ್ತು, ಅವಳ ಹೊಟ್ಟೆ ತಣ್ಣಗಾಗಿತ್ತು.

ಸಾವಿರದ ದಿನದ ಮಧ್ಯಾಹ್ನದಿಂದಲೇ ಮಳೆ ಹನಿಯುತ್ತಿತ್ತು. ಅಪೆಮ್ ಹೊಯ್ಯುತ್ತಿದ್ದ ಲೆಗಿನಾಗೆ ಬಾಗಿಲಿನಿಂದ ಒಂದೊಂದೇ ದನಿ ಕೇಳುತ್ತಿತ್ತು, ಪ್ರತಿ ದನಿಗೂ ಅವಳು ಒಲೆಯ ಮುಂದಿನಿಂದಲೇ ಮುಖ ನೋಡದೆ ಹೆಸರು ಹಿಡಿದು ಒಳಗೆ ಕರೆದಳು. ಮೂವತ್ತೆರಡರಲ್ಲಿ ಐವರು ತೀರಿಹೋಗಿದ್ದರು. ಬಂದವರು ಹತ್ತೊಂಬತ್ತು. ಉಳಿದವರಲ್ಲಿ ಕೆಲವರು ಬ್ಲಾಗಿನಲ್ಲೇ ನಾಲ್ಕು ಮಾತು ಬರೆದು ಕಳಿಸಿದ್ದರು. ಅದನ್ನು ಬು ಗುರು ಅಚ್ಚು ಹಾಕಿ ಮಾರ್ತೊಯೊನ ಪಟದ ಕೆಳಗೆ ಇಟ್ಟಳು. ಸಂಜೆ ಮಸೀದಿಯವರು ಬಂದು ಪ್ರಾರ್ಥನೆ ಮಾಡಿದರು, ಎಲ್ಲರೂ ಚಾಪೆಯ ಮೇಲೆ ಕೂತು ಉಂಡರು, ಜಾಗ ಸಾಲದೆ ರಾಜ ಅಡುಗೆಮನೆಯಲ್ಲಿ ಕೂತ.

ಮರುದಿನ ಬೆಳಿಗ್ಗೆ ಹೊರಡುವ ಹೊತ್ತು. ಒಬ್ಬೊಬ್ಬರಾಗಿ ಪಟದ ಮುಂದೆ ನಿಂತು ಪಾಕ್ದೆಗೆ ಅಪ್ಪಣೆ ಕೇಳಿಕೊಂಡರು. ಲೆಗಿನಾ ಬಾಗಿಲ ಪಕ್ಕದಲ್ಲಿ ನಿಂತು ಪ್ರತಿಯೊಬ್ಬರ ಮಾತನ್ನೂ ಕೇಳಿಸಿಕೊಂಡಳು, ಒಂದನ್ನೂ ಬಿಡಲಿಲ್ಲ. ಕೊನೆಗೆ ಉಳಿದವನು ಸುಕಿರ್ಡಿ. ಪಟದ ಮುಂದೆ ಬಹಳ ಹೊತ್ತು ನಿಂತಿದ್ದು, ಬಾಗಿಲಿಗೆ ಬಂದು ತಗ್ಗಿದ ದನಿಯಲ್ಲಿ ಹೇಳಿದ:

"ಅವತ್ತು ಟೆಂಟಲ್ಲಿ, ಬೆಳಗಿನ ಜಾವ, ಪಾಕ್ದೆ ಮಲಗಿದ್ರು, ಬುದೆ. ಹಾಸಿಗೆ ಹತ್ರ ಬಂದು ನಿಂತಿದ್ದೆ ನಾನು. ಎಬ್ಬಿಸ್ಲಿಲ್ಲ. ಅಗೌರವ ಅಲ್ಲ ಅದು. ಹೇಳಿದ್ರೆ ಹೋಗೋಕಾಗ್ತಿರ್ಲಿಲ್ಲ."

ಲೆಗಿನಾ ಅವನ ತಲೆ ಸವರಿದಳು. ಅರವತ್ತು ದಾಟಿದ ವಿದೂಷಕ ಮಗುವಿನಂತೆ ಅತ್ತು, ಮೂಗೊರೆಸಿಕೊಂಡು, ಬಸ್ಸು ತಪ್ಪೀತೆಂದು ಓಡಿದ.

ಚಾಪೆ ಸುತ್ತಿಟ್ಟು ಅವಳು ಮೂರನೆಯ ಟ್ರಂಕು ತೆಗೆದಳು. ತಳದಲ್ಲಿ ಒಂದು ಅಂಗಿ ಉಳಿದಿತ್ತು, ಗೆರೆಗೆರೆಯ ಹತ್ತಿ ಅಂಗಿ, ಯಾವ ರಾಜನದ್ದೂ ಅಲ್ಲ. ಮಾರ್ತೊಯೊ ಟಿಕೆಟ್ ಮೇಜಿನ ಹಿಂದೆ ಕೂತಾಗ ಹಾಕಿಕೊಳ್ಳುತ್ತಿದ್ದದ್ದು. ಎಂಟು ತಿಂಗಳಲ್ಲಿ ಅದನ್ನೊಂದನ್ನು ಅವಳು ಸೈಬರ್ ಸೆಂಟರಿಗೆ ಒಯ್ದಿರಲಿಲ್ಲ. ಸಿಟ್ಟು ಬಿಟ್ಟಿರಲಿಲ್ಲ. ಈಗ ಚೀಲದಲ್ಲಿ ಹಾಕಿಕೊಂಡು ಹೋದಳು. ಬು ಗುರು ಏನೂ ಕೇಳದೆ ಫೋಟೊ ತೆಗೆದುಕೊಟ್ಟು ಚಹಾ ಮಾಡಲು ಒಳಗೆ ಹೋದಳು.

ಲೆಗಿನಾ ಬೆನ್ನು ನೆಟ್ಟಗೆ ಮಾಡಿ ಕೂತಳು. ಹತ್ತೂ ಬೆರಳು ಕೀಲಿಯ ಮೇಲಿಟ್ಟು ಬರೆದಳು: "ಇದು ನನ್ನ ಗಂಡನ ಅಂಗಿ. ಎಲ್ಲೂ ಹರಿದಿಲ್ಲ. ಅವತ್ತು ನಾನು ಸಂತೆಯಿಂದ ಬರುವವರೆಗೂ ನೀವು ಕಾಯಲಿಲ್ಲ. ಕಾದಿದ್ದರೆ, ಹೇಳಿದ್ದರೆ, ನಾನು ಕಳಿಸುತ್ತಿರಲಿಲ್ಲ. ನಿಮಗದು ಗೊತ್ತಿತ್ತು. ಎಲ್ಲರೂ ನಿಮಗೆ ಹೇಳಿ ಹೋದರು. ಆಗಲಿ, ನೀವೂ ಹೋಗಿ ಬನ್ನಿ."